ಸಿಂಧೂ ಕಣಿವೆಯ ಹೊಲ, ನೀರು ಮತ್ತು ನಗರ

ಸಿಂಧೂ ಕಣಿವೆಯ ನಾಗರಿಕತೆಯೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ನಗರವೇ. ನೇರವಾದ ಬೀದಿಗಳು, ಮುಚ್ಚಿದ ಚರಂಡಿಗಳು, ಸುಟ್ಟ ಇಟ್ಟಿಗೆಯ ಮನೆಗಳು, ಮೊಹೆಂಜೊದಾರೊದ ದೊಡ್ಡ ಸ್ನಾನಗೃಹ, ಇಂದಿಗೂ ಸರ್ವಸಮ್ಮತವಾಗಿ ಓದಲಾಗದ ಲಿಪಿಯ ಮುದ್ರೆಗಳು — ಪಠ್ಯಪುಸ್ತಕಗಳಲ್ಲಿಯೂ ವಸ್ತುಸಂಗ್ರಹಾಲಯಗಳಲ್ಲಿಯೂ ಇವುಗಳಿಗೇ ಅಗ್ರಸ್ಥಾನ. 1921ರಲ್ಲಿ ದಯಾರಾಮ್ ಸಾಹನಿಯವರು ಹರಪ್ಪದಲ್ಲಿಯೂ 1922ರಲ್ಲಿ ರಾಖಾಲ್‌ದಾಸ್ ಬ್ಯಾನರ್ಜಿಯವರು ಮೊಹೆಂಜೊದಾರೊದಲ್ಲಿಯೂ ಉತ್ಖನನವನ್ನು ಕೈಗೊಂಡರು; 1924ರಲ್ಲಿ ಜಾನ್ ಮಾರ್ಷಲ್ ಅವರು ಈ ಶೋಧವನ್ನು ಜಗತ್ತಿಗೆ ಪ್ರಕಟಿಸಿದರು. ಅಂದಿನಿಂದ ವಿದ್ವಾಂಸರ ಗಮನ ಬಹುಮಟ್ಟಿಗೆ ಕೋಟೆಗೋಡೆಯ ಒಳಗೇ ನೆಲೆಸಿತು. ಗೋಡೆಯ ಹೊರಗೆ ಉತ್ತವರು ಏನನ್ನು ಬಿತ್ತಿದರು, ಯಾವ ನೀರನ್ನು ನೆಚ್ಚಿದರು, ಬೆಳೆದುದರಲ್ಲಿ ಎಷ್ಟು ಪಾಲು ಯಾರ ಕೈಸೇರಿತು ಎಂಬ ಪ್ರಶ್ನೆಗಳು ಬಹುಕಾಲ ಅಡಿಟಿಪ್ಪಣಿಗಳಲ್ಲಿಯೇ ಉಳಿದವು.

ಈ ಪ್ರಶ್ನೆಗಳು ಕೃಷಿಯ ಇತಿಹಾಸಕ್ಕೆ ಮಾತ್ರ ಸೀಮಿತವಾದವಲ್ಲ. ಉಣ್ಣುವುದಕ್ಕಿಂತ ಹೆಚ್ಚಾಗಿ ಬೆಳೆದ ಧಾನ್ಯವೇ ನಗರದ ಹುಟ್ಟಿಗೆ ಮೂಲವೆಂದು ಗಾರ್ಡನ್ ಚೈಲ್ಡ್ ಪ್ರತಿಪಾದಿಸಿದರು. ದೊಡ್ಡ ಕಾಲುವೆಗಳನ್ನು ತೋಡಿಸಿ ಕಾಯಬೇಕಾದಲ್ಲಿ ನಿರಂಕುಶ ಪ್ರಭುತ್ವ ಬೆಳೆಯುತ್ತದೆಂದು ಕಾರ್ಲ್ ವಿಟ್‌ಫೋಗೆಲ್ 1957ರಲ್ಲಿ ವಾದಿಸಿದರು. ಮಾರ್ಟಿಮರ್ ವ್ಹೀಲರ್ ಅವರಂತೂ ಹರಪ್ಪ ಮತ್ತು ಮೊಹೆಂಜೊದಾರೊಗಳಲ್ಲಿ ಪುರೋಹಿತಪ್ರಭುಗಳನ್ನೂ ಅವರ ಸರ್ಕಾರಿ ಕಣಜಗಳನ್ನೂ ಕಂಡರು. ಈ ಮೂರನ್ನೂ ಒಟ್ಟಿಗಿಟ್ಟರೆ, ಭರತಖಂಡದ ಮೊದಲ ನಗರಗಳು ಮೇಲಿನ ಅಪ್ಪಣೆಯಿಂದ ಹುಟ್ಟಿದವು ಎಂಬ ಚಿತ್ರ ಮೂಡುತ್ತದೆ. ಕಳೆದ ನಾಲ್ಕೈದು ದಶಕಗಳಲ್ಲಿ ಮಣ್ಣಿನಿಂದ ಹೊರಬಂದ ಸಾಕ್ಷ್ಯಗಳನ್ನು ಪರಿಶೀಲಿಸಿದರೆ ಈ ಚಿತ್ರ ನಿಲ್ಲುವುದಿಲ್ಲವೆಂಬುದು ನಮ್ಮ ಅಭಿಪ್ರಾಯ. ಆ ಸಾಕ್ಷ್ಯಗಳಲ್ಲಿ ಮುಖ್ಯವಾದ ಕೆಲವನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಹರಪ್ಪ ಸಂಸ್ಕೃತಿಯ ನಗರಾವಸ್ಥೆಯನ್ನು ಸಾಮಾನ್ಯವಾಗಿ ಕ್ರಿ.ಪೂ. 2600ರಿಂದ 1900ರವರೆಗೆ ಗಣಿಸಲಾಗುತ್ತದೆ. ಕೃಷಿ ಅದಕ್ಕಿಂತ ಬಹಳ ಹಳೆಯದು. ಬಲೂಚಿಸ್ತಾನದ ಬೋಲಾನ್ ಕಣಿವೆಯ ಬುಡದಲ್ಲಿರುವ ಮೆಹರ್‌ಗಢದಲ್ಲಿ ಜಾರಿಜ್ ದಂಪತಿಗಳ ನೇತೃತ್ವದ ಫ್ರೆಂಚ್ ತಂಡ 1974ರಿಂದ ನಡೆಸಿದ ಉತ್ಖನನಗಳು ಬಾರ್ಲಿ ಮತ್ತು ಗೋಧಿಗಳ ಸಾಗುವಳಿಯನ್ನೂ ಗೂಳಿಭುಜದ ನಮ್ಮ ದೇಶೀ ದನವನ್ನು ಪಳಗಿಸಿದ ಕ್ರಮವನ್ನೂ ಬೆಳಕಿಗೆ ತಂದವು. ಈ ನೆಲೆಯ ಆರಂಭವನ್ನು ಕ್ರಿ.ಪೂ. 7000 ಎಂದು ಹೇಳುವುದು ವಾಡಿಕೆಯಾಗಿತ್ತು. ಇತ್ತೀಚಿನ ಕಾಲನಿರ್ಣಯಗಳು ಅದನ್ನು ಸಾಕಷ್ಟು ಈಚೆಗೆ ತರುತ್ತಿವೆ. ಹೇಗೆ ಲೆಕ್ಕ ಹಾಕಿದರೂ, ಮೊದಲ ನಗರ ತಲೆಯೆತ್ತುವುದಕ್ಕೆ ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಮುನ್ನವೇ ಆ ಸೀಮೆಯ ಜನ ಬಿತ್ತಿ ಬೆಳೆಯುವುದನ್ನು ಬಲ್ಲವರಾಗಿದ್ದರು. ಆದುದರಿಂದ ಕೃಷಿಜ್ಞಾನವೊಂದೇ ನಗರವನ್ನು ಕಟ್ಟಿತೆನ್ನಲು ಬರುವುದಿಲ್ಲ. ಬೆಟ್ಟದ ಬುಡದ ಚಿಕ್ಕ ಹೊಲಗಳಿಂದ ಮಹಾನದಿಯ ನೆರೆಬಯಲಿಗೆ ಇಳಿದು ಅಲ್ಲಿನ ನೀರಿನೊಡನೆ ಬಾಳಲು ಕಲಿತದ್ದು ನಿರ್ಣಾಯಕವಾದ ಹೆಜ್ಜೆ.

ಇಲ್ಲಿ ನೆರೆ ಬರುವ ಕಾಲಕ್ಕೆ ಬಹಳ ಮಹತ್ವವಿದೆ. ಟೈಗ್ರಿಸ್ ಮತ್ತು ಯೂಫ್ರಟೀಸ್ ನದಿಗಳು ಉಕ್ಕುವುದು ಏಪ್ರಿಲ್-ಮೇ ತಿಂಗಳುಗಳಲ್ಲಿ. ಅಂದರೆ ಹೊಲದಲ್ಲಿ ಬಾರ್ಲಿ ಮಾಗಿ ಕೊಯ್ಲಿಗೆ ನಿಂತಿರುವ ಹೊತ್ತಿನಲ್ಲಿ. ಬಿತ್ತನೆಯ ಕಾಲಕ್ಕೆ ನದಿ ತಗ್ಗಿರುತ್ತದೆ, ಕೊಯ್ಲಿನ ಕಾಲಕ್ಕೆ ಮೇಲೇರಿ ಬರುತ್ತದೆ. ಸುಮೇರಿನ ಕೃಷಿಕ ಒಡ್ಡುಗಳಿಂದ ನದಿಯನ್ನು ತಡೆದು ಕಾಲುವೆಗಳಿಂದ ಅದನ್ನು ಹೊಲಕ್ಕೆ ಕರೆಯದೆ ಗತ್ಯಂತರವಿರಲಿಲ್ಲ. ಸಿಂಧೂ ನದಿಯ ನಡತೆ ಬೇರೆ. ಹಿಮ ಕರಗಿದ ನೀರಿನಿಂದ ಬೇಸಿಗೆಯಲ್ಲಿ ಏರತೊಡಗುವ ನದಿ ಮುಂಗಾರಿನ ನೀರನ್ನೂ ಕೂಡಿಕೊಂಡು ಜುಲೈ-ಆಗಸ್ಟ್ ವೇಳೆಗೆ ಬಯಲಿನ ಮೇಲೆ ಹರಡುತ್ತದೆ. ಮಳೆಗಾಲ ಕಳೆಯುತ್ತಿದ್ದಂತೆ, ಚಳಿಗಾಲದ ಬಿತ್ತನೆಗೆ ಸರಿಯಾಗಿ, ಹೊಸ ಮೆಕ್ಕಲನ್ನೂ ನೆಲದಾಳದ ಹಸಿಯನ್ನೂ ಬಿಟ್ಟು ಹಿಂದೆ ಸರಿಯುತ್ತದೆ. ಸಿಂಧ್ ಪ್ರಾಂತದಲ್ಲಿ ದೀರ್ಘಕಾಲ ಆಡಳಿತಾಧಿಕಾರಿಯಾಗಿದ್ದ ಎಚ್.ಟಿ. ಲ್ಯಾಂಬ್ರಿಕ್ 1964ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ಪದ್ಧತಿಯನ್ನು ವಿವರಿಸಿದ್ದಾರೆ. ನೆರೆಯಿಳಿದ ನೆಲದಲ್ಲಿ ಗೋಧಿ, ಬಾರ್ಲಿಗಳನ್ನು ಬಿತ್ತಿದರೆ ಉಳುಮೆ, ಗೊಬ್ಬರ, ಮೇಲುನೀರು ಯಾವುದೂ ಹೆಚ್ಚಾಗಿ ಬೇಕಿಲ್ಲದೆ ಮಾರ್ಚ್-ಏಪ್ರಿಲ್ ವೇಳೆಗೆ ಬೆಳೆ ಕೈಗೆ ಬರುತ್ತದೆ. ಹತ್ತಿ, ಎಳ್ಳುಗಳನ್ನು ನೆರೆ ಬರುವ ಆರಂಭದಲ್ಲಿ ಬದು ಹಾಕಿದ ಹೊಲಗಳಲ್ಲಿ ಬಿತ್ತಿ ಶರತ್ಕಾಲದಲ್ಲಿ ಕೊಯ್ಯಬಹುದು. ನಾಲ್ಕು ಸಾವಿರ ವರ್ಷಗಳ ಹಿಂದೆಯೂ ಯಥಾವತ್ತಾಗಿ ಹೀಗೆಯೇ ನಡೆಯಿತೆಂದು ಸಾಧಿಸುವುದು ಕಷ್ಟ. ಆದರೆ ನದಿಯ ಕಾಲಮಾನ ಈ ದಾರಿಯನ್ನು ತೆರೆದಿಟ್ಟಿತ್ತೆಂಬುದರಲ್ಲಿ ಸಂದೇಹವಿಲ್ಲ.

ಕಣಿವೆಯ ಮುಖ್ಯ ಭಾಗದಲ್ಲಿ ಆ ಕಾಲದ ದೊಡ್ಡ ಕಾಲುವೆಗಳ ಜಾಲ ಇದುವರೆಗೆ ದೊರೆತಿಲ್ಲ. ಕಾಲುವೆಯ ಕುರುಹು ಕಂಡಿರುವುದು ದೂರದ ಆಫ್ಘಾನಿಸ್ತಾನದ ಶೋರ್ತುಗೈ ನೆಲೆಯಲ್ಲಿ. ಅದು ಹರಪ್ಪನ್ನರ ಹೊರಠಾಣ್ಯ. ಸಿಂಧ್, ಪಂಜಾಬುಗಳಲ್ಲಿ ಸಣ್ಣಪುಟ್ಟ ತೋಡುಗಳಿದ್ದು ಮೆಕ್ಕಲಿನಡಿಯಲ್ಲಿ ಹೂತುಹೋಗಿರಬಹುದು. ಆದರೆ ವಿಟ್‌ಫೋಗೆಲ್ ಅವರ ಸಿದ್ಧಾಂತಕ್ಕೆ ಬೇಕಾದದ್ದು ಊರ ಜನ ಸೇರಿ ತೋಡುವ ಸಣ್ಣ ತೋಡಲ್ಲ; ಸಾವಿರಾರು ಜನರನ್ನು ಬಿಟ್ಟಿ ದುಡಿಸಿ ಕಟ್ಟಿಸುವ ಮಹಾಕಾಲುವೆ. ಅದಕ್ಕೆ ಇಲ್ಲಿ ಆಧಾರವಿಲ್ಲ.

ಸಾಕ್ಷ್ಯಗಳಲ್ಲಿ ನಮ್ಮನ್ನು ಅತ್ಯಂತ ಆಕರ್ಷಿಸಿದ್ದು ಒಂದು ಹೊಲ. ರಾಜಸ್ಥಾನದ ಇಂದಿನ ಹನುಮಾನ್‌ಗಢ ಜಿಲ್ಲೆಯಲ್ಲಿ, ಬತ್ತಿದ ಘಗ್ಗರ್ ನದಿಯ ದಂಡೆಯ ಮೇಲಿರುವ ಕಾಲಿಬಂಗನ್‌ನಲ್ಲಿ ಬಿ.ಬಿ. ಲಾಲ್ ಮತ್ತು ಬಿ.ಕೆ. ಥಾಪರ್ ಅವರು 1960ರ ದಶಕದಲ್ಲಿ ಉತ್ಖನನ ನಡೆಸಿದರು. ಊರಿನ ಗೋಡೆಯ ಹೊರಗೆ, ಆಗ್ನೇಯ ದಿಕ್ಕಿನಲ್ಲಿ, ನಗರಾವಸ್ಥೆಗಿಂತ ಹಿಂದಿನ ಸ್ತರದಲ್ಲಿ, ಸುಮಾರು ಕ್ರಿ.ಪೂ. 2800ರ ಉತ್ತ ಹೊಲವೊಂದು ಅವರಿಗೆ ದೊರೆಯಿತು. ನೇಗಿಲ ಸಾಲುಗಳು ಎರಡು ದಿಕ್ಕಿಗೆ, ಒಂದಕ್ಕೊಂದು ಅಡ್ಡಲಾಗಿ ಹಾದಿದ್ದವು: ಪೂರ್ವ-ಪಶ್ಚಿಮದ ಸಾಲುಗಳ ನಡುವಣ ಅಂತರ ಸುಮಾರು 30 ಸೆಂಟಿಮೀಟರ್, ಉತ್ತರ-ದಕ್ಷಿಣದ ಸಾಲುಗಳದ್ದು ಸುಮಾರು 1.90 ಮೀಟರ್. ಉತ್ಖನನ ನಡೆದ ದಿನಗಳಲ್ಲಿಯೂ ಸುತ್ತಲಿನ ಹಳ್ಳಿಗರು ಇದೇ ಬಗೆಯಲ್ಲಿ ಉತ್ತು, ಒಂದು ದಿಕ್ಕಿನ ಸಾಲಿನಲ್ಲಿ ಕಾಳನ್ನೂ ಇನ್ನೊಂದು ದಿಕ್ಕಿನಲ್ಲಿ ಸಾಸಿವೆಯನ್ನೂ ಬೆಳೆಯುತ್ತಿದ್ದರು. ಎತ್ತರ ಬೆಳೆಯುವ ಗಿಡದ ಸಾಲು ದೂರ ದೂರವಿದ್ದರೆ ಅದರ ನೆರಳು ಕೆಳಗಿನ ಬೆಳೆಯ ಮೇಲೆ ಹೆಚ್ಚು ಹೊತ್ತು ಬೀಳದು. ಒಂದು ಬೆಳೆ ಕೈಕೊಟ್ಟರೆ ಇನ್ನೊಂದಾದರೂ ಒದಗೀತು.

ಕನ್ನಡ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ರಾಗಿಯ ಹೊಲದಲ್ಲಿ ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳುಗಳ ಅಕ್ಕಡಿ ಸಾಲು ಹಾಕುವುದನ್ನು ಹಳೆಯ ಮೈಸೂರು ಸೀಮೆಯಲ್ಲಿ ಹುಟ್ಟಿ ಬೆಳೆದವರೆಲ್ಲ ಬಲ್ಲರು. ಕಾಲಿಬಂಗನ್ನಿನ ಕ್ರಮವೇ ನಮ್ಮಲ್ಲಿಗೆ ಇಳಿದು ಬಂತೆಂದು ಇದರಿಂದ ಊಹಿಸುವುದು ಸಲ್ಲದು; ಮಳೆಯನ್ನು ಪೂರ್ತಿ ನಂಬಲಾಗದ ಎಲ್ಲ ಸೀಮೆಗಳಲ್ಲಿಯೂ ರೈತರು ಇಂಥದೇ ಉಪಾಯವನ್ನು ತಾವಾಗಿಯೇ ಕಂಡುಕೊಂಡಾರು.

ನೇಗಿಲು ಮರದ್ದಾದುದರಿಂದ ಉಳಿದಿಲ್ಲ. ಅದರ ರೂಪ ನಮಗೆ ತಿಳಿದಿರುವುದು ಹರಿಯಾಣದ ಬನಾವಲಿಯಲ್ಲಿ ಆರ್.ಎಸ್. ಬಿಷ್ಟ್ ಅವರಿಗೆ ದೊರೆತ ಸುಟ್ಟಮಣ್ಣಿನ ಚಿಕ್ಕ ಪ್ರತಿಕೃತಿಯಿಂದ. ಕಬ್ಬಿಣವಿನ್ನೂ ಬಳಕೆಗೆ ಬಂದಿರಲಿಲ್ಲ. ಮೆಕ್ಕಲು ನೆಲಕ್ಕೆ ಮರದ ನೇಗಿಲೇ ಸಾಕಾಗಿತ್ತು. ಸಿಂಧ್‌ನ ರೋಹ್ರಿ ಗುಡ್ಡಗಳ ಚಕಮಕಿ ಕಲ್ಲಿನಿಂದ ತೆಗೆದ ಉದ್ದನೆಯ ಅಲಗುಗಳು ದೂರದೂರದ ನೆಲೆಗಳಲ್ಲಿ ದೊರೆಯುತ್ತವೆ. ಎಳೆಯುವ ಶಕ್ತಿ ಎತ್ತಿನದು, ಸಾಗಿಸುವ ಶಕ್ತಿ ಗಾಡಿ ಮತ್ತು ದೋಣಿಗಳದು. ಮಣ್ಣಿನ ಆಟಿಕೆಗಾಡಿಗಳು ಹೇರಳವಾಗಿ ಸಿಕ್ಕಿವೆ. ಗುಜರಾತಿನ ಕೋಟಡಾ ಭಡ್ಲಿಯ ಮಡಕೆಚೂರುಗಳಲ್ಲಿ ಇಂಗಿದ್ದ ಕೊಬ್ಬಿನಂಶವನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟವಾದ ಅಧ್ಯಯನ, ಕ್ರಿ.ಪೂ. 2500ರ ಸುಮಾರಿಗೇ ಅಲ್ಲಿ ಹೈನು ಬಳಕೆಯಲ್ಲಿತ್ತೆಂಬುದನ್ನು ತೋರಿಸಿದೆ.

ಏನನ್ನು ಬೆಳೆದರೆಂಬುದನ್ನು ತಿಳಿಯುವ ಬಗೆಯನ್ನೂ ಒಂದಿಷ್ಟು ಹೇಳಬೇಕು. ಅಗೆದ ಮಣ್ಣನ್ನು ನೀರಿನಲ್ಲಿ ಕಲಕಿದರೆ ಮಣ್ಣು ತಳಕ್ಕಿಳಿಯುತ್ತದೆ, ಒಲೆಯಲ್ಲಿ ಕರಿಕಾಗಿ ಹಗುರವಾದ ಕಾಳುಗಳು ಮೇಲೆ ತೇಲುತ್ತವೆ. ಅವನ್ನು ನವಿರಾದ ಜರಡಿಯಲ್ಲಿ ಸೋಸಿ, ಒಣಗಿಸಿ, ಸೂಕ್ಷ್ಮದರ್ಶಕದಲ್ಲಿ ಗುರುತಿಸುತ್ತಾರೆ. ವಿಧಾನ ಅತಿ ಸರಳ. ಆದರೆ ಹರಪ್ಪ ನೆಲೆಗಳಲ್ಲಿ ಇದನ್ನು ಕ್ರಮವಾಗಿ ಬಳಸತೊಡಗಿದ್ದು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ. ಅದಕ್ಕೆ ಮುನ್ನ ಅಗೆದವರಿಗೆ ಕಂಡದ್ದು ಕಣ್ಣಿಗೆ ಬೀಳುವಷ್ಟು ದಪ್ಪನೆಯ ಗೋಧಿ, ಬಾರ್ಲಿ, ಬಟಾಣಿಗಳು ಮಾತ್ರ. ಸಾಸಿವೆಗಿಂತಲೂ ಸಣ್ಣ ಕಿರುಧಾನ್ಯಗಳು ಅಗೆದು ಎಸೆದ ಮಣ್ಣಿನೊಡನೆ ಹೋದವು. ಹೀಗಾಗಿ ಸಿಂಧೂ ನಾಗರಿಕತೆ ಗೋಧಿ-ಬಾರ್ಲಿಯ ನಾಗರಿಕತೆಯೆಂದು ಎರಡು ಮೂರು ತಲೆಮಾರು ನಂಬಿತು.

ಈ ನಂಬಿಕೆಯನ್ನು ಅಲುಗಿಸಿದ ಮೊದಲ ನೆಲೆಗಳಲ್ಲಿ ಸೌರಾಷ್ಟ್ರದ ರೋಜ್ಡಿ ಒಂದು. ಗ್ರೆಗರಿ ಪೊಸೆಲ್ ಅವರ ಉತ್ಖನನದಲ್ಲಿ ದೊರೆತ ಬೀಜಗಳನ್ನು ಸ್ಟೀವನ್ ವೆಬರ್ ಪರಿಶೀಲಿಸಿದಾಗ ಅಲ್ಲಿನವರು ಗೋಧಿಯನ್ನಲ್ಲ, ಸಾಮೆಯಂಥ ಮುಂಗಾರಿನ ಕಿರುಧಾನ್ಯಗಳನ್ನು ನೆಚ್ಚಿದ್ದರೆಂದು ತಿಳಿಯಿತು. (ಅಲ್ಲಿ ರಾಗಿಯೂ ಇತ್ತೆಂದು ಮೊದಲು ವರದಿಯಾಗಿತ್ತು, ಆಫ್ರಿಕ ಮೂಲದ ಈ ಧಾನ್ಯ ಅಷ್ಟು ಹಿಂದೆಯೇ ಬಂದಿತ್ತೆಂಬುದನ್ನು ನಂತರದ ತಜ್ಞರು ಒಪ್ಪಿಲ್ಲ. ರಾಗಿಯ ಅಭಿಮಾನಿಗಳಾದ ನಾವು ಇಲ್ಲಿ ತುಸು ತಾಳ್ಮೆ ವಹಿಸಬೇಕು.) ಬಳಿಕ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯ ಮತ್ತು ಕೇಂಬ್ರಿಜ್ ವಿಶ್ವವಿದ್ಯಾನಿಲಯದ ವಿದ್ವಾಂಸರು ಕೂಡಿ ಹರಿಯಾಣದ ಮಸೂದ್‌ಪುರದಂಥ ಸಣ್ಣ ನೆಲೆಗಳನ್ನು ಅಗೆದರು. ಚಳಿಗಾಲದ ಗೋಧಿ, ಬಾರ್ಲಿ, ಕಾಳುಗಳ ಜೊತೆಗೆ ಮಳೆಗಾಲದ ಭತ್ತ, ಕಿರುಧಾನ್ಯ, ಹೆಸರು, ಉದ್ದು, ಹುರುಳಿಗಳೂ ನಗರಗಳ ಕಾಲದಲ್ಲಿಯೇ ಅಲ್ಲಿ ಬೆಳೆಯುತ್ತಿದ್ದುದು ಖಚಿತವಾಯಿತು. ಚಳಿಗಾಲದಲ್ಲಿ ಪಶ್ಚಿಮದಿಂದ ಬರುವ ಅಲ್ಪ ಮಳೆ, ಬೇಸಿಗೆಯ ಕೊನೆಗೆ ನೈರುತ್ಯದ ಮುಂಗಾರು, ಇವೆರಡೂ ಸಂಧಿಸುವ ಸೀಮೆ ಅದು. ದೆಹಲಿಯಲ್ಲಿರುವ ನಮ್ಮ ಓದುಗರು ಜನವರಿಯ ಆ ತುಂತುರನ್ನು ಬಲ್ಲರು. ಗೋಧಿಯ ಪೈರಿಗೆ ಅದು ಅಮೃತ.

ಇನ್ನು ಕಣಜಗಳ ವಿಚಾರ. ಹರಪ್ಪದಲ್ಲಿ ಎರಡು ಸಾಲುಗಳಲ್ಲಿ ಆರಾರರಂತೆ ಇರುವ ಹನ್ನೆರಡು ಕಟ್ಟಡಭಾಗಗಳನ್ನು 'ಮಹಾಕಣಜ'ವೆಂದು ಕರೆಯಲಾಯಿತು. ಮೊಹೆಂಜೊದಾರೊದ ಸ್ನಾನಗೃಹದ ಪಕ್ಕದ ಇಟ್ಟಿಗೆಯ ದಿಮ್ಮಿಗಳಿಗೂ ವ್ಹೀಲರ್ 1950ರಲ್ಲಿ ಅದೇ ಹೆಸರಿಟ್ಟರು. ಆದರೆ ಕಣಜವೆನಿಸಿಕೊಂಡ ಈ ಕಟ್ಟಡಗಳಲ್ಲಿ ಧಾನ್ಯದ ರಾಶಿಯ ಕುರುಹು ದೊರೆತಿಲ್ಲ; ಧಾನ್ಯವನ್ನು ತುಂಬುವ ದೊಡ್ಡ ವಾಡೆಗಳಾಗಲಿ ಚೀಲಗಳಿಗೆ ಒತ್ತಿದ ಮುದ್ರೆಗಳಾಗಲಿ ಅಲ್ಲಿ ರಾಶಿಬಿದ್ದಿಲ್ಲ. ಹರಪ್ಪದ ದುಂಡು ಕಟ್ಟೆಗಳಲ್ಲೊಂದರ ನಡುಗುಳಿಯಲ್ಲಿ ವ್ಹೀಲರರಿಗೆ ಒಂದಿಷ್ಟು ಹೊಟ್ಟು, ಕರಿಕಾದ ಕಾಳು ಸಿಕ್ಕಿದ್ದು ನಿಜ. ಅದು ಕುಟ್ಟಿದ್ದಕ್ಕೆ ಸಾಕ್ಷಿಯಾದೀತೇ ಹೊರತು ತೆರಿಗೆಧಾನ್ಯಕ್ಕೆ ಸಾಕ್ಷಿಯಾಗದು. ರೋಮನರ ಕಣಜಗಳ ನೆನಪು ವ್ಹೀಲರರ ಕಣ್ಣಿಗೆ ಮುಂಚಿತವಾಗಿಯೇ ಒಂದು ಆಕಾರವನ್ನು ಕೊಟ್ಟಿತ್ತೆಂದು ನಮಗೆ ತೋರುತ್ತದೆ. ಇಂದಿಗೂ ಎಷ್ಟೋ ಪಠ್ಯಪುಸ್ತಕಗಳಲ್ಲಿ ಆ ಹೆಸರು ಪ್ರಶ್ನಾರ್ಥಕ ಚಿಹ್ನೆಯಿಲ್ಲದೆ ಅಚ್ಚಾಗುತ್ತಿರುವುದು ಖೇದಕರ.

ಧಾನ್ಯ ಯಾರ ಕೈಯಲ್ಲಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಕಸದಲ್ಲಿದೆ. ಕೊಯ್ದ ಪೈರು ಕಣಕ್ಕೆ ಬಂದು ಒಕ್ಕಣೆಯಾಗುತ್ತದೆ. ತೂರಿದಾಗ ಹೊಟ್ಟು ಹಾರುತ್ತದೆ. ಜರಡಿ ಹಿಡಿದಾಗ ಸಣ್ಣ ಕಳೆಬೀಜಗಳು ಉದುರುತ್ತವೆ. ಕಾಳಿನಷ್ಟೇ ದಪ್ಪನೆಯ ಕಳೆಬೀಜಗಳನ್ನು ಕೊನೆಗೆ ಕೈಯಿಂದಲೇ ಆರಿಸಬೇಕು. ಒಂದೊಂದು ಹಂತವೂ ಒಂದೊಂದು ಬಗೆಯ ಕಸವನ್ನು ಬಿಡುತ್ತದೆ. ಮನೆಯ ಒಲೆಯಲ್ಲಿ ಸಣ್ಣ ಕಳೆಬೀಜಗಳೂ ಸುಟ್ಟು ದೊರೆತರೆ, ಆ ಮನೆಯವರು ಅರೆಶುದ್ಧವಾದ ಧಾನ್ಯವನ್ನು ತಮ್ಮಲ್ಲಿಟ್ಟುಕೊಂಡು ದಿನದಿನಕ್ಕೆ ಬೇಕಾದಷ್ಟನ್ನು ಹಸನು ಮಾಡಿಕೊಳ್ಳುತ್ತಿದ್ದರೆಂದು ಅರ್ಥ. ಅವು ಇಲ್ಲದಿದ್ದರೆ ಕಣದಲ್ಲಿಯೇ ಹಲವರು ಕೂಡಿ ಪೂರ್ತಿ ಶುದ್ಧಗೊಳಿಸಿದ್ದರೆಂದು ಊಹಿಸಬಹುದು. ಹರಿಯಾಣ, ರಾಜಸ್ಥಾನಗಳ ಐದು ಸಣ್ಣ ನೆಲೆಗಳನ್ನು ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಕುತೂಹಲಕರವಾದ ತೀರ್ಮಾನಕ್ಕೆ ಬಂದಿದೆ: ಈ ಕೆಲಸದ ವ್ಯವಸ್ಥೆ ಬೇರೆಬೇರೆಯಾಗಿದ್ದುದು ನಗರಗಳ ಏಳುಬೀಳುಗಳಿಗೆ ತಕ್ಕಂತೆ ಅಲ್ಲ, ಬೆಳೆಯ ಋತುವಿಗೆ ತಕ್ಕಂತೆ. ಅಂದರೆ ನಗರ ಬಂದರೂ ಹೋದರೂ ಹಳ್ಳಿಯ ಕಣದ ರೀತಿಯನ್ನು ನಿರ್ಧರಿಸಿದ್ದು ಮುಂಗಾರು-ಹಿಂಗಾರುಗಳ ಬೆಳೆಯೇ.

ಹಾಗಾದರೆ ನಗರದ ಪಾತ್ರವೇನು? ತಂತ್ರಜ್ಞಾನದಲ್ಲಿ ಆ ಜನರ ಏಕರೂಪತೆ ಎದ್ದುಕಾಣುವುದು ಅಳತೆಯಲ್ಲಿ. ನುಣುಪಾದ ಕಲ್ಲಿನ ಘನಾಕೃತಿಯ ತೂಕದ ಬೊಟ್ಟುಗಳು 1, 2, 4, 8, 16, 32, 64 ಎಂಬಂತೆ ಇಮ್ಮಡಿಸುತ್ತ ಹೋಗುತ್ತವೆ. ಹದಿನಾರರ ತೂಕ ಸುಮಾರು 13.7 ಗ್ರಾಂ. ಗುಜರಾತಿನಿಂದ ಪಂಜಾಬಿನವರೆಗೆ ಇದೇ ಪ್ರಮಾಣ. ಇಟ್ಟಿಗೆಯ ದಪ್ಪ, ಅಗಲ, ಉದ್ದಗಳು ಒಂದು, ಎರಡು, ನಾಲ್ಕರ ಅನುಪಾತದಲ್ಲಿವೆ. ಒಂದೊಂದು ಸೀಮೆಯೂ ಬೇರೆಬೇರೆ ಬೆಳೆಯನ್ನು, ಬೇರೆಬೇರೆ ತಿಂಗಳಿನಲ್ಲಿ ಕೊಯ್ಯುವ ನಾಡಿನಲ್ಲಿ ಕೊಡುಕೊಳ್ಳುವಿಕೆಗೆ ಒಪ್ಪಿತವಾದ ತೂಕ ಅನಿವಾರ್ಯ. ಹೊಲದ ವೈವಿಧ್ಯ ಮತ್ತು ತಕ್ಕಡಿಯ ಏಕರೂಪತೆ ಒಂದನ್ನೊಂದು ಬೇಡುತ್ತಿದ್ದವೆಂದು ನಾವು ಭಾವಿಸುತ್ತೇವೆ. ನೀರಿನ ಕೆಲಸದಲ್ಲಿಯೂ ಆಯಾ ನೆಲಕ್ಕೆ ತಕ್ಕ ಉಪಾಯವೇ ಕಾಣುತ್ತದೆ. ಮೊಹೆಂಜೊದಾರೊದಲ್ಲಿ ಬೆಣೆಯಾಕಾರದ ಇಟ್ಟಿಗೆಗಳಿಂದ ಕಟ್ಟಿದ ಬಾವಿಗಳು ಸುಮಾರು 700 ಇದ್ದಿರಬೇಕೆಂದು ಮೈಕೆಲ್ ಯಾನ್ಸನ್ ಅಂದಾಜು ಮಾಡಿದ್ದಾರೆ. ನದಿಯೇ ಇಲ್ಲದ ಕಚ್ಛದ ರಣದ ನಡುವೆ, ಧೋಲಾವೀರಾದಲ್ಲಿ, ಮನ್‌ಹರ್ ಮತ್ತು ಮಾನ್ಸರ್ ಎಂಬ ಮಳೆಗಾಲದ ಹಳ್ಳಗಳಿಗೆ ಒಡ್ಡು ಹಾಕಿ ನೀರನ್ನು ದೊಡ್ಡ ಕೊಳಗಳಿಗೆ ತಿರುಗಿಸಲಾಗಿತ್ತು. 1990ರಿಂದ ಬಿಷ್ಟ್ ಅವರು ಅಗೆದ ಈ ನೆಲೆ 2021ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಹತ್ತಿ ಮತ್ತು ಎಳ್ಳುಗಳ ಬಗೆಗೆ ಪ್ರತ್ಯೇಕವಾಗಿ ಒಂದು ಮಾತು. ಮೊಹೆಂಜೊದಾರೊದಲ್ಲಿ ಬೆಳ್ಳಿಯ ಪಾತ್ರೆಯೊಂದಕ್ಕೆ ಅಂಟಿಕೊಂಡು ಉಳಿದ, ಬಣ್ಣ ಹಾಕಿದ ಹತ್ತಿಬಟ್ಟೆಯ ತುಣುಕು ಪ್ರಸಿದ್ಧವಾದದ್ದು. ಎಳ್ಳಿನ ಸುಟ್ಟ ಮುದ್ದೆ ಹರಪ್ಪದಲ್ಲಿ ದೊರೆತಿದೆ. ಎಳ್ಳಿನ ತವರು ಭಾರತವೇ ಎಂಬುದು ಇಂದು ಬಹುಮಂದಿ ಸಸ್ಯವಿಜ್ಞಾನಿಗಳ ಮತ. ಕನ್ನಡದ ಓದುಗರಿಗೆ ಇದರಲ್ಲಿ ವಿಶೇಷ ಆಸಕ್ತಿಯಿರುವುದು ಸಹಜ. ನಮ್ಮ 'ಎಣ್ಣೆ'ಯೇ ಎಳ್ಳಿನಿಂದ ಬಂದ ಮಾತು: ಎಳ್ ಮತ್ತು ನೆಯ್ ಸೇರಿ ಆದದ್ದು. ಮೆಸೊಪೊಟೇಮಿಯದ ಅಕ್ಕಾಡಿಯನ್ ಭಾಷೆಯಲ್ಲಿ ಉತ್ತಮ ಎಳ್ಳೆಣ್ಣೆಗೆ 'ಎಲ್ಲು' ಎಂಬ ಮಾತಿದೆ. ಅಕ್ಕಾಡಿನ ದೊರೆ ಸಾರ್ಗೋನನು ತನ್ನ ಬಂದರಿಗೆ ಮೆಲುಹ್ಹದ ಹಡಗುಗಳು ಬಂದು ನಿಲ್ಲುತ್ತವೆಂದು ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಮೆಲುಹ್ಹವೆಂದರೆ ಸಿಂಧೂ ಸೀಮೆಯೆಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಎಣ್ಣೆಯೊಡನೆ ದ್ರಾವಿಡ ಪದವೂ ಹಡಗನ್ನೇರಿತ್ತೇ? ಊಹೆ ಸೊಗಸಾದದ್ದೇ. ಆದರೆ ಅಕ್ಕಾಡಿಯನ್ನಿನಲ್ಲಿಯೇ 'ಎಲ್ಲು' ಎಂಬುದಕ್ಕೆ 'ಶುದ್ಧ' ಎಂಬ ಸ್ವಂತ ಅರ್ಥವಿದೆ, ಶುದ್ಧವಾದ ಎಣ್ಣೆಗೆ ಆ ಹೆಸರು ತಾನಾಗಿಯೇ ಬಂದಿರಬಹುದು. ಈ ಒಂದು ಪದವನ್ನು ಆಧರಿಸಿ ಹರಪ್ಪನ್ನರ ಭಾಷೆಯನ್ನು ನಿರ್ಣಯಿಸುವ ಉತ್ಸಾಹವನ್ನು ನಾವು ಬೆಂಬಲಿಸಲಾರೆವು.

ನಗರಗಳ ಅವಸಾನಕ್ಕೂ ಈ ಕೃಷಿಯ ಸ್ವರೂಪಕ್ಕೂ ನಿಕಟವಾದ ನಂಟಿದೆ. ಹಿಮಾಲಯದ ಹಿಮನೀರನ್ನು ತರುತ್ತಿದ್ದ ಸತ್ಲೆಜ್ ನದಿ ಘಗ್ಗರ್‌ನ ಪಾತ್ರವನ್ನು ತೊರೆದದ್ದು ಸುಮಾರು 8000 ವರ್ಷಗಳ ಹಿಂದೆಯೇ ಎಂದು 2017ರಲ್ಲಿ ಪ್ರಕಟವಾದ ಭೂವೈಜ್ಞಾನಿಕ ಸಂಶೋಧನೆ ತೋರಿಸಿತು. ಅಂದರೆ ಕಾಲಿಬಂಗನ್ನಿನವರ ಪಾಲಿಗೆ ಘಗ್ಗರ್ ಮಹಾನದಿಯಾಗಿರಲಿಲ್ಲ. ಮುಂಗಾರಿನಿಂದ ಹರಿಯುವ, ಸೌಮ್ಯವಾದ ನದಿಯಾಗಿತ್ತು. ಹರಿಯಾಣದ ಕೋಟ್ಲಾ ದಹರ್ ಎಂಬ ಹಳೆಯ ಕೆರೆಯ ಹೂಳನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಸುಮಾರು 4100 ವರ್ಷಗಳ ಹಿಂದೆ ಮುಂಗಾರು ಹಠಾತ್ತನೆ ಕ್ಷೀಣಿಸಿತು. ಆಗ ಜನ ಹಸಿದು ಅಳಿದರೆಂದು ತಿಳಿಯಬಾರದು. ಕ್ರಿ.ಪೂ. 1900ರ ಬಳಿಕ ದೊಡ್ಡ ನಗರಗಳು ಬರಿದಾದವು. ಆದರೆ ಹರಿಯಾಣ, ಪಶ್ಚಿಮ ಉತ್ತರಪ್ರದೇಶಗಳ ಕಡೆ ಸಣ್ಣ ಊರುಗಳ ಸಂಖ್ಯೆ ಹೆಚ್ಚಿತು. ಅಲ್ಪ ಮಳೆಯಲ್ಲಿಯೂ ಬೆಳೆಯುವ ಕಿರುಧಾನ್ಯ, ಹಲವು ಬಗೆಯ ಕಾಳು, ಎರಡು ಋತುಗಳ ಬಿತ್ತನೆ ಕೈಯಲ್ಲಿದ್ದ ರೈತನಿಗೆ ಬದುಕಲು ನಗರ ಅನಿವಾರ್ಯವಾಗಿರಲಿಲ್ಲ. ನಗರಕ್ಕೆ ಮಾತ್ರ ಅವನು ಅನಿವಾರ್ಯನಾಗಿದ್ದ. ಕಿರುಧಾನ್ಯದ ಬೆಳೆ ಊರನ್ನು ಸಾಕುತ್ತದೆ; ದೂರದ ಪೇಟೆಗೆ ಗಾಡಿಗಟ್ಟಲೆ ಕಳುಹಿಸುವಷ್ಟು ಉಳಿಯುವುದು ಕಡಿಮೆ. ತೂಕದ ಬೊಟ್ಟುಗಳು, ಮುದ್ರೆಗಳು, ಲಿಪಿ ಮರೆಯಾದವು. ನೇಗಿಲು ಮರೆಯಾಗಲಿಲ್ಲ.

ಇದೇ ಕಾಲಕ್ಕೆ ಕೃಷ್ಣಾ-ತುಂಗಭದ್ರೆಗಳ ಸೀಮೆಯಲ್ಲಿ ನಗರವನ್ನೇ ಕಾಣದ ಇನ್ನೊಂದು ಕೃಷಿಸಮಾಜ ನೆಲೆಗೊಂಡಿತ್ತು. ಕುಪ್ಪಗಲ್ಲು, ಬೂದಿಹಾಳಗಳ ಬೂದಿದಿಬ್ಬಗಳನ್ನು ಬಿಟ್ಟುಹೋದ ಆ ದನಗಾಹಿಗಳ ಮುಖ್ಯ ಆಹಾರ ಕೊರಲೆ, ಹುರುಳಿ, ಹೆಸರು. ಎಲ್ಲವೂ ಮುಂಗಾರಿನ ಬೆಳೆಗಳು. ಕ್ರಿ.ಪೂ. ಎರಡನೆಯ ಸಹಸ್ರಮಾನದಲ್ಲಿ, ಸಿಂಧೂ ನಗರಗಳು ಬರಿದಾದ ನಂತರದ ಸ್ತರಗಳಲ್ಲಿ, ಬಳ್ಳಾರಿಯ ಸಂಗನಕಲ್ಲು ಮತ್ತು ತುಂಗಭದ್ರೆಯ ದಂಡೆಯ ಹಳ್ಳೂರುಗಳಲ್ಲಿ ಗೋಧಿ ಮತ್ತು ಬಾರ್ಲಿಯ ಕರಿಕಾದ ಕಾಳುಗಳು ಅಲ್ಪ ಪ್ರಮಾಣದಲ್ಲಿ ಕಾಣಿಸಿಕೊಳ್ಳುತ್ತವೆ. ವಾಯವ್ಯದ ಚಳಿಗಾಲದ ಆ ಬೆಳೆಗಳು ಕೈಯಿಂದ ಕೈಗೆ, ಊರಿಂದ ಊರಿಗೆ ದಾಟಿ ದಖ್ಖನಿನ ಹಿಂಗಾರಿಗೆ ಬಂದು ಸೇರಿದ್ದವು.